ತಗಡಿನ ಗೋಡೆಯಾಚೆಯ ಹಾಲು

ಯಂಕಮ್ಮನ ಹೊಟ್ಟೆಗೆ ಬೆಂಕಿ ಬಿದ್ದದ್ದು ಟೀಚರ್ ಅನುರಾಧಾ ಅವಳ ಹತ್ತಿರ ಹಾಲು ಕೊಳ್ಳುವುದನ್ನು ನಿಲ್ಲಿಸಿದ ದಿನ. ಐದು ವರ್ಷದ ಗಿರಾಕಿ! ಹೋದದ್ದಾದರೂ ಎಲ್ಲಿಗೆ? ತಗಡಿನ ಗೋಡೆಯಾಚೆಗೆ, ಮೈದುನನ ಹೆಂಡತಿ ಶಿವದೇವಿಯ ಹತ್ತಿರ. "ಅವರ ಹಾಲು ಗಟ್ಟಿ ಐತ್ರಿ," ಎಂದು ಮುಖಕ್ಕೇ ಅಂದುಬಿಟ್ಟಳು. ನಿನ್ನೆ ಮೊನ್ನೆ ಯಾದಗಿರಿಯಿಂದ ನಗರದ ಈ ಮೆಹದಿಪಟ್ಟಣಂ ಬಡಾವಣೆಗೆ ಬಂದು ಎಮ್ಮೆ ಕಟ್ಟಿದವಳು ಈ ಶಿವದೇವಿ. ಅವಳಿಗೆ ಹಾಲು ಕರೆಯಲು ಕಲಿಸಿದ್ದೇ ಯಂಕಮ್ಮ.

ಗೋಡೆಯ ಸಂದಿಗೆ ಕಣ್ಣಿಟ್ಟು ನೋಡಿದಳು. ಬಕೆಟ್ಟಿನಲ್ಲಿ ಹತ್ತಿಕಾಳು ನೆನೆದಿತ್ತು. ಎಣ್ಣೆ ಮಿಲ್ಲಿಗೆ ಹೋಗುವ ಅದೇ ಕಾಳನ್ನು ಶಿವದೇವಿ ರುಬ್ಬಿ ಎಮ್ಮೆಗೆ ಹಾಕುತ್ತಿದ್ದಳು. ಮರುದಿನವೇ ಎಮ್ಮೆ, ಎಳೆಗರು ಇದ್ದ ಯಂಕಮ್ಮನ ಕೊಟ್ಟಿಗೆಗೂ ಒಂದು ಚೀಲ ಬಂತು.

ಚೀಲ ನೋಡಿ ಶಿವದೇವಿ ಬಂದಳು. "ಎಮ್ಮಿಗೆ ಹಾಕ್ರಿ ಅಕ್ಕಾ, ಭಾಳ ಚಲೋ. ಕರಕ್ಕ ಮಾತ್ರ ಬ್ಯಾಡ್ರಿ. ಇನ್ನಾ ಸಣ್ಣದೈತಿ, ಅದಕ್ಕ ವಿಷ ಆಗ್ತೈತಿ."

"ಹೂಂ, ಗೊತ್ತೈತಿ," ಅಂದಳು ಯಂಕಮ್ಮ. ಅವಳಿಗೆ ಗೊತ್ತಾದದ್ದೇ ಬೇರೆ. ನನ್ನ ಕರು ದುಂಡಗಾದರೆ ಇವಳಿಗೆ ಸಹಿಸಲಾಗುವುದಿಲ್ಲ. ತಾಯಿಗೆ ಒಳ್ಳೆಯದಂತೆ, ಮಗುವಿಗೆ ವಿಷವಂತೆ, ಯಾರ ಕಿವಿಗೆ ಹೂ ಇಡುತ್ತಾಳೆ? ಅವತ್ತಿನಿಂದ ಕರುವಿಗೂ ಎರಡು ಹಿಡಿ ಬಿತ್ತು. ಹಟಕ್ಕೆ ಇನ್ನೊಂದು.

ಹಾಲು ಗಟ್ಟಿಯಾಯಿತು. ಅನುರಾಧಾ ಕ್ಯಾನಿಗೆ ಇಣುಕಿ, "ಒಂದನೇ ತಾರೀಖಿಂದ ನಿಮ್ಮ ಹತ್ರನ ತಗೋತೀನ್ರಿ," ಎಂದಳು. ಯಂಕಮ್ಮ ಆ ಸುದ್ದಿಯನ್ನು ಗೋಡೆಯಾಚೆಗೆ ಕೇಳುವ ಹಾಗೆ ಗಂಡನಿಗೆ ಮೂರು ಸಲ ಹೇಳಿದಳು.

ನಾಲ್ಕನೇ ವಾರ ಕರು ಏದುಸಿರು ಬಿಡತೊಡಗಿತು. ಏನು ಹಾಕಿದಿರಿ ಎಂದು ದನದ ಡಾಕ್ಟರು ಕೇಳಿದರು. ಹೇಳಿದಳು. ಶಿವದೇವಿ ಅಂದದ್ದನ್ನೇ ಅವರೂ ಅಂದರು. ತಿಂಗಳ ಕೊನೆಯ ದಿನ ಕರು ಸತ್ತಿತು.

ಕರು ಬಾಯಿ ಹಚ್ಚದೆ ಹಾಲಿಳಿಸುವ ಎಮ್ಮೆಯಲ್ಲ ಅದು. ಒಂದನೇ ತಾರೀಖು ಬೆಳಿಗ್ಗೆ ಯಂಕಮ್ಮ ಕೆಚ್ಚಲು ತೀಡಿ ತೀಡಿ ಸೋತಳು. ಪಾತ್ರೆಯ ತಳವೂ ಒದ್ದೆಯಾಗಲಿಲ್ಲ.

ಶಿವದೇವಿ ಬಂದು ತುಂಬಿದ ಕ್ಯಾನು ಇಟ್ಟಳು. "ಟೀಚರ್ ಬರೋ ಹೊತ್ತಾತು, ಅಕ್ಕಾ. ಇದನ್ನ ಹಾಕ್ರಿ. ನಿಮ್ಮದು ಅಂತನ ಹೇಳ್ರಿ."

ನಾ ಮೊದಲೇ ಹೇಳಿದ್ದೆ ಎನ್ನಲಿಲ್ಲ. ಅಂದಿದ್ದರೆ ಯಂಕಮ್ಮ ಜಗಳವನ್ನಾದರೂ ಆಡುತ್ತಿದ್ದಳು.

ಅವಳು ಹೋದ ಮೇಲೆ ಯಂಕಮ್ಮ ಕರುವಿನ ಹಗ್ಗ ಹಿಡಿದು ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅತ್ತಿತ್ತ ನೋಡಿ, ಆ ಹಾಲಿನಲ್ಲಿ ಬೆರಳು ಅದ್ದಿ ಎತ್ತಿ ಹಿಡಿದಳು.

ಹಾಲು ಬೆರಳು ಬಿಟ್ಟು ಇಳಿಯಲೊಲ್ಲದು. ತನ್ನದು ಇಷ್ಟು ಗಟ್ಟಿ ಒಂದು ದಿನವೂ ಆಗಿರಲಿಲ್ಲ. ಯಂಕಮ್ಮನ ಹೊಟ್ಟೆ ಮೊದಲಿಗಿಂತ ಜೋರಾಗಿ ಉರಿಯಿತು.