ಹಿಂದಿನ ಗಾಲಿಯ ನಟ್ಟು

ನಾನೊಂದು ನಟ್ಟು. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಕೆಂಪಗೆ ಕಾದ ಕಬ್ಬಿಣದಿಂದ. ಆರು ಮೂಲೆ, ನಡುವೆ ಒಂದು ತೂತು, ಅಷ್ಟೇ ನನ್ನ ಐಶ್ವರ್ಯ. ಕಾರಿನ ಹಿಂದಿನ ಗಾಲಿಗೆ ಹಾಕಿ, ಗಟ್ಟಿಯಾಗಿ ಹಿಡಿ ಅಂದರು. ಹಿಡಿದೆ. ಮೊದಲ ಮಾಲೀಕರಾದ ಡಾಕ್ಟರಿಗೆ ನಾನಿರುವುದೇ ಗೊತ್ತಿರಲಿಲ್ಲ. ಆಮೇಲೆ ಕಾರು ಕೊಂಡವರು ಗದುಗಿನ ಬಟ್ಟೆ ಅಂಗಡಿಯ ಚೆನ್ನವೀರಪ್ಪ.

ಎಂಥ ಪ್ರೀತಿ ಅಂತೀರಿ! ಪ್ರತಿ ಆಯುಧಪೂಜೆಗೆ ಕಾರು ತೊಳೆದು, ನೆಲಕ್ಕೆ ಕೂತು, ನಮಗೆಲ್ಲ ಬೆಳ್ಳಿ ಬಣ್ಣ ಬಳಿಯೋರು. ಮೇಲೆ ಕುಂಕುಮ ಬೇರೆ. ಒಳಗೆ ತುಕ್ಕು ತಿಂತಿದೆ, ಒಮ್ಮೆ ಬಿಚ್ಚಿ ಎಣ್ಣೆ ಹಾಕಪ್ಪಾ ಅಂತ ಎಷ್ಟು ಒದ್ದಾಡಿದೆ! ಕೇಳೋರ್ಯಾರು?

ಒಂದು ಮಧ್ಯಾಹ್ನ ಅವರ ಹೆಂಡತಿ ನೀಲಗಂಗವ್ವನ ತಾಯಿ ತೀರಿಕೊಂಡ ಸುದ್ದಿ ಬಂತು. "ಹೊತ್ತು ಮುಳುಗೋದರೊಳಗ ಮಣ್ಣ ಮಾಡಬೇಕಕ್ಕಾ. ಅಲ್ಲೀತನಕ ನಿನ್ನ ಹಾದಿ ಕಾಯ್ತೀವಿ," ಅಂದಿದ್ದ ತಮ್ಮ. ಅವ್ವನ ಮುಖ ಒಮ್ಮೆ ನೋಡಬೇಕು, ಅಷ್ಟೇ ಅವಳ ಆಸೆ. ಗಂಡ ಹೆಂಡತಿ ಕಾರು ಹತ್ತಿ ಹೊರಟರು. ಅರ್ಧ ದಾರಿಯಲ್ಲಿ, ಹೊಲಗಳ ನಡುವೆ, ನನ್ನ ಗಾಲಿ ಪಂಕ್ಚರ್ ಆಯಿತು.

ಉಳಿದ ನಟ್ಟುಗಳು ಹೇಗೋ ಬಿಚ್ಚಿಕೊಂಡವು. ನಾನೊಬ್ಬನೇ ಕಚ್ಚಿಕೊಂಡು ಕೂತೆ. ಚೆನ್ನವೀರಪ್ಪ ನಟ್ಟು ಬಿಚ್ಚುವ ಪಾನಾದ ಮೇಲೆ ಹತ್ತಿ ನಿಂತು ತುಳಿದರು. ಕಟಕ್!

"ತಿರುಗಿತು ನೋಡ, ನೀಲಾ!"

ಅವಳು ಚೀಲ ಎತ್ತಿಕೊಂಡಳು. ತಿರುಗಿದ್ದು ಹೌದು. ಆದರೆ ಒಳಗಿನ ಬೋಲ್ಟೂ ಬುಡ ಸಡಿಲಾಗಿ ನನ್ನ ಜೊತೆಗೇ ತಿರುಗುತ್ತಿತ್ತು. ಎಷ್ಟು ತಿರುಗಿಸಿದರೂ ಕೂದಲೆಳೆಯಷ್ಟೂ ಹೊರಗೆ ಬರಲಿಲ್ಲ. ಅಯ್ಯೋ, ಆ ಸಂಕಟ ನನ್ನ ವೈರಿಗೂ ಬೇಡ.

"ವರ್ಷಾ ವರ್ಷಾ ಬಣ್ಣಾ ಬಳದ್ರಿ. ಒಂದ ಸಲಾನರ ಬಿಚ್ಚಿ ನೋಡಬಾರದಿತ್ತೇನ್ರಿ?" ಅಂದಳು.

"ಚಂದ ಕಾಣ್ಲಿ ಅಂತ..." ಅನ್ನುತ್ತ ಅವರು ಮತ್ತೆ ಪಾನಾ ಹಿಡಿದರು.

ಆ ದಾರಿಯಲ್ಲಿ ಬಂದದ್ದು ಒಂದೇ ಟ್ರ್ಯಾಕ್ಟರು. ಅದನ್ನು ಓಡಿಸುತ್ತಿದ್ದ ಹುಸೇನಸಾಬ ಇಳಿದು ನನ್ನನ್ನು ನೋಡಿದ. "ನನ್ನ ಗಾಡ್ಯಾಗ ಹೋದ್ರ ರಾತ್ರಿ ಆಗತೈತಿ ತಂಗಿ. ಇದನ್ನ ಒಡದ ಬಿಡೂಣು," ಅಂತ ಚಾಣ, ಸುತ್ತಿಗೆ ತಂದ. ಹೊಡಿ ಮಾರಾಯ, ಬೇಗ ಹೊಡಿ ಅಂತ ಒಳಗೇ ಕೂಗಿದೆ. ಪ್ರಾಣ ಹೋಗುವಷ್ಟು ನೋವು. ಬಿಸಿಲು ಇಳಿಯುತ್ತಲೇ ಇತ್ತು. ಕೊನೆಗೂ ಸೀಳಿ ಬಿದ್ದೆ.

ಬೇರೆ ಗಾಲಿ ಏರಿಸುವಾಗ ಫೋನು ಬಂತು. "ಅಕ್ಕಾ, ಹಿರ್ಯಾರು ಕೇಳಲಿಲ್ಲ. ಅವ್ವನ್ನ ಮಣ್ಣಾಗಿಟ್ಟ ಬಂದ್ವಿ."

ಚೆನ್ನವೀರಪ್ಪ ಗಡಬಡಿಸಿ ಕಾರು ಚಾಲು ಮಾಡಿದರು.

"ಸಾವಕಾಶ ಹೊಡೀರಿ," ಅಂದಳು ನೀಲಗಂಗವ್ವ. "ಇನ್ನೇನ ಗಡಬಡಿ ಐತ್ರಿ?"

ನಾನೀಗ ಎರಡು ಹೋಳಾಗಿ ದಾರಿಬದಿಯ ಕರಿಮಣ್ಣಿನಲ್ಲಿ ಬಿದ್ದಿದ್ದೇನೆ. ಇನ್ನಷ್ಟು ತುಕ್ಕು ಹಿಡಿದರೆ ಯಾರಿಗೇನು? ನನ್ನನ್ನು ಬಿಚ್ಚಿಯಾಯಿತು. ಅವಳಿಗೆ ಅವ್ವನ ಮುಖ ಸಿಗಲಿಲ್ಲ.