ಆಟಕ್ಕೆ ಬೆನ್ನು

ಟಕ್ — ಚೆಂಡಿಗೆ ಚೆಂಡು ತಾಗಿದ ಸದ್ದು, ಮೆತ್ತಗಿತ್ತು, ಗುರಿಯ ಬಿಳಿ ಚೆಂಡಿನ ಪಕ್ಕದಲ್ಲೇ ನಿಂತಿರಬೇಕು ಎಂದು ಎವೆಲಿಯೊ ನೆಲ ನೋಡುತ್ತಲೇ ಲೆಕ್ಕ ಹಾಕಿದ, ಥೂ, ತಲೆಯೆತ್ತಿದರೆ ಕಾಣುತ್ತದಲ್ಲ, ಈಗ ಗ್ಯಾಲರಿಯಲ್ಲಿ ಕೂತವನು, ಎಷ್ಟು ಬೇಕಾದರೂ ನೋಡಬಹುದು, ಯಾರೂ ಸೀಟಿ ಊದುವುದಿಲ್ಲ. ಅಲ್ಲಿ ಕೆಳಗೆ ಗಾಲಿಕುರ್ಚಿಯಲ್ಲಿ ನಯೀಬೆ, ಹಣೆಗೆ ಕಟ್ಟಿದ ಕೋಲಿನಿಂದ ಚೆಂಡನ್ನು ಇಳಿಜಾರು ಹಲಗೆಗೆ ಬಿಡುವ ಮಗಳು, ಹಲಗೆ ಹಿಡಿದಿರುವವಳು ಲೂಸ್ ದಾರಿ ಎಂಬಾಕೆ, ಕ್ರೀಡಾ ಸಮಿತಿ ಕಳಿಸಿದ ಹೊಸಬಳು, ಆಟಕ್ಕೆ ಬೆನ್ನು ಹಾಕಿ ನಯೀಬೆಯ ಮುಖವನ್ನೇ ನೋಡುತ್ತಾ — ಬೋಚಾ ಆಟದಲ್ಲಿ ಹಲಗೆ ಹಿಡಿದವರು ಅಂಕಣದತ್ತ ತಿರುಗಕೂಡದು, ಅದೇ ನಿಯಮ, ಅದೇ ಜಾಗದಲ್ಲಿ ಅವನು ವರ್ಷಗಟ್ಟಲೆ ಕೂತಿದ್ದ, ಅಪ್ಪಾ ಎಡಕ್ಕೆ, ಅಯ್ಯೋ ಅಷ್ಟಲ್ಲ, ಇದೇನ್ ನಿನ್ ಬಸ್ಸಾ, ಮೆಲ್ಲಗೆ ತಿರುಗ್ಸು, ಎಂದು ಅವಳು ರೇಗಿಸುತ್ತಿದ್ದಳು, ಚೆಂಡು ಹತ್ತಿರ ಹೋದರೆ ಅವಳ ಬಲಹುಬ್ಬು ಏರುತ್ತಿತ್ತು, ಮನೆಗೆ ಬಂದ ಪದಕಗಳನ್ನೆಲ್ಲ ಅವನು ಆ ಹುಬ್ಬಿನಲ್ಲೇ ನೋಡಿದ್ದು. ಜನ ಕೂಗಿದರು, ಎದುರಾಳಿಯ ನೀಲಿ ಚೆಂಡು ಹತ್ತಿರ ಬಂದಿರಬೇಕು, ಲಿಮಾದಲ್ಲೂ ಹೀಗೇ ಕೂಗಿದ್ದರು, ಅಂತಿಮ ಪಂದ್ಯ, ಅವಳ ಕೊನೆಯ ಚೆಂಡು ಉರುಳುತ್ತಿತ್ತು, ಹುಬ್ಬು ಏರತೊಡಗಿತ್ತು, ಬಸ್ಸು ಓಡಿಸಿದವನ ಹಾಳು ಚಾಳಿ, ಹಿಂದೆ ಸದ್ದಾದರೆ ಕತ್ತು ತಾನೇ ಹೊರಳುತ್ತದೆ, ಹೊರಳಿತು — ಅವಳ ಕೆಂಪು ಚೆಂಡು ಬಿಳಿಗೆ ಮುತ್ತಿಟ್ಟು ನಿಂತಿತ್ತು, ಎಷ್ಟು ಚಂದ ಇತ್ತು, ಸೀಟಿ, ಶಿಕ್ಷೆಗೆಂದು ಎದುರಾಳಿಗೆ ಇನ್ನೊಂದು ಚೆಂಡು, ಅದು ಬಂದು ಕೆಂಪನ್ನು ಸರಿಸಿಬಿಟ್ಟಿತು, ಪಂದ್ಯ ಹೋಯಿತು, ಅವನು ಇತ್ತ ತಿರುಗುವಷ್ಟರಲ್ಲಿ ಹುಬ್ಬು ಇಳಿದಿತ್ತು. ಬೊಗೊತಾದ ಸಮಿತಿಯಲ್ಲಿ ಮುಖ್ಯಸ್ಥೆ ದೊಕ್ತೋರಾ ಆಂಪಾರೊ ಕಾಫಿ ಕೊಟ್ಟು ಮೃದುವಾಗಿಯೇ ಹೇಳಿದಳು, ನೋಡಮ್ಮಾ, ಕುರ್ಚಿ, ಹಲಗೆ, ವ್ಯಾಯಾಮ ಮಾಡಿಸೋರು, ಎಲ್ಲ ನಾವು ಕೊಡ್ತಿರೋದು ಗೆಲ್ಲೋರಿಗೆ, ಮೆದೆಯಿನ್‌ನಲ್ಲಿ ಗೆದ್ರೆ ತಂಡದಲ್ಲಿ ಇರ್ತೀಯ, ಹಲಗೆ ಹಿಡಿಯೋಕೆ ತರಬೇತಿ ಆದವರನ್ನ ಕೊಡ್ತೀವಿ, ಅಪ್ಪನೇ ಬೇಕು ಅಂದ್ರೆ ಅಪ್ಪನೇ, ನಿನ್ನಿಷ್ಟ. ನಯೀಬೆ ಅವನತ್ತ ನೋಡಲಿಲ್ಲ, ಅಪ್ಪ ಒಂದ್ಸಲ ಆಟ ನೋಡ್ಲಿ ಬಿಡಿ, ಎಂದಳು. ಅದು ಪ್ರೀತಿಯೋ, ಕಪಾಳಕ್ಕೆ ಬಿಟ್ಟದ್ದೋ, ಕೇಳುವ ಧೈರ್ಯ ಅವನಿಗೆ ಬರಲಿಲ್ಲ, ಇವತ್ತು ಇಲ್ಲಿ ಮೆದೆಯಿನ್‌ನಲ್ಲಿ ಸೋತರೆ ಕುರ್ಚಿಯೂ ಹೋಗುತ್ತದೆ, ಅದು ಲೂಸ್ ದಾರಿಯ ತಪ್ಪಲ್ಲ, ನಯೀಬೆಯ ತಪ್ಪೂ ಅಲ್ಲ, ಈ ದರಿದ್ರ ಕತ್ತಿನದು. ಕೊನೆಯ ಚೆಂಡು. ನೋಡು, ನೋಡೋ, ಅವಳೇ ನೋಡು ಎಂದಿದ್ದಾಳೆ — ಕೆಂಪು ಉರುಳುತ್ತದೆ, ನಿಧಾನ, ನೀಲಿಯನ್ನು ಸವರಿ, ಬಿಳಿಯ ಮಗ್ಗುಲಿಗೆ, ಟಕ್, ಗೆದ್ದಳು, ಜನ ಎದ್ದು ನಿಂತರು, ಅವನೂ ಎದ್ದ, ಎಲ್ಲ ಕಂಡಿತು, ಚೆಂಡು, ಅಂಕ, ಗಾಲಿಕುರ್ಚಿಯ ಬೆನ್ನು, ಅವಳ ಜಡೆ, ಆಚೆ ಲೂಸ್ ದಾರಿ ನಗುತ್ತಿದ್ದಾಳೆ, ನಯೀಬೆಯ ಮುಖವನ್ನೇ ನೋಡಿ ನಗುತ್ತಿದ್ದಾಳೆ, ಇಲ್ಲಿಂದ ಜಡೆಯಷ್ಟೇ, ಹುಬ್ಬು ಏರಿತೇ, ಬಲಹುಬ್ಬು, ಇಲ್ಲಿಂದ ಜಡೆಯಷ್ಟೇ, ಆ ಹುಬ್ಬು —