ಲೊವೈನಾ ಟೀಗಳ ಕಲ್ಲು

ಮ್ಯಾಡರ್ಸ್ ಕ್ರಾಸಿಂಗ್ ಇತಿಹಾಸ ಸಂಘದಲ್ಲಿ ಆ ವಸಂತದ ಹೊತ್ತಿಗೆ ಇಬ್ಬರೇ ಉಳಿದಿದ್ದರು. ಒಬ್ಬ ಅಧ್ಯಕ್ಷ ಆರಿನ್ ಹಾಕ್. ಎಂಬತ್ತೆರಡು ವರ್ಷದವನು, ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡು ಸಿಲಿಂಡರ್ ಎಳೆದುಕೊಂಡೇ ಸಭೆಗೆ ಬರುತ್ತಿದ್ದ. ಇನ್ನೊಬ್ಬಳು ಕಾರ್ಯದರ್ಶಿ ಅರ್ಡಿತ್ ಕೆಸ್ಲರ್. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದವಳು. ಮೂರನೆಯವಳಾಗಿದ್ದ ಹೇಜಲ್ ಜನವರಿಯಲ್ಲಿ ತೀರಿಕೊಂಡಳು.

ಹಿಂದೆ ಒರೆಗಾನ್ ಕಡೆ ಹೊರಟ ವಲಸೆ ಬಂಡಿಗಳು ಆ ಊರಿನ ಹತ್ತಿರವೇ ಹೊಳೆ ದಾಟುತ್ತಿದ್ದವು. ಆ ದಾರಿಯುದ್ದಕ್ಕೂ ಸಂಘ ಗುರುತು ಹಾಕಿ ಕಾದುಕೊಂಡು ಬಂದದ್ದೆಲ್ಲ ಅರ್ಡಿತಳ ಕಣ್ಣೆದುರೇ ಒಂದೊಂದಾಗಿ ಹೋಗಿತ್ತು. ಬಂಡಿಯವರು ನೀರು ತುಂಬಿಕೊಳ್ಳುತ್ತಿದ್ದ ಒರತೆಯನ್ನು ಬೀಟ್ ಗೆಡ್ಡೆ ಬೆಳೆಯುವವರು ಮುಚ್ಚಿ ಉತ್ತುಬಿಟ್ಟರು. ಹೆಸರು ಕೆತ್ತಿದ್ದ ಬಂಡೆಗೆ ಶನಿವಾರದ ಕುಡುಕರು ಗುಂಡು ಹೊಡೆದು ಹೊಡೆದು, ಈಗ ಅಲ್ಲಿ ಓದಲು ಒಂದಕ್ಷರವೂ ಇಲ್ಲ. ಉಳಿದಿದ್ದು ಕಿಪ್ ರೆಂಫರನ ಹುಲ್ಲುಗಾವಲು ಮಾತ್ರ. ಅಲ್ಲಿ ಅರ್ಧ ಮೈಲಿ ಉದ್ದಕ್ಕೆ ಬಂಡಿಗಳ ಜಾಡು ಮೊಣಕಾಲಾಳ ಇಳಿದಿತ್ತು. ಪಕ್ಕದಲ್ಲೊಂದು ಸಮಾಧಿ ಕಲ್ಲು: 'ಲೊವೈನಾ ಟೀಗ್, ವಯಸ್ಸು ೧೯, ಕಾಲರಾ, ೧೮೫೨.'

ಮಾರ್ಚ್‌ನಲ್ಲೊಂದು ಬೆಳಿಗ್ಗೆ ಕಿಪ್ ಬಂದು ಅರ್ಡಿತಳ ಅಡುಗೆಮನೆಯಲ್ಲಿ ಟೋಪಿ ತೆಗೆದು ಕೂತ.

"ಮಿಸೆಸ್ ಕೆಸ್ಲರ್, ಬೇರೆಯವರ ಬಾಯಿಂದ ನಿಮಗೆ ಗೊತ್ತಾಗೋದು ಬೇಡ ಅಂತ ನಾನೇ ಬಂದೆ. ಹುಲ್ಲುಗಾವಲು ಮಾರ್ತಿದೀನಿ. ಜಲ್ಲಿ ತೆಗೆಯೋ ಕಂಪನಿಗೆ."

"ಜಾಡಿನ ಸಮೇತ?"

"ಸಮೇತ."

"ಲೊವೈನಾ?"

"ಅದನ್ನ ಅವರ ಹತ್ರ ಮಾತಾಡಿದೀನಿ. ಅಲ್ಲಿ ನಿಜವಾಗ್ಲೂ ಹೂತಿದ್ರೆ ಅಷ್ಟು ಜಾಗ ಬಿಡ್ತಾರಂತೆ. ಜಾಡೂ ಒಂದಿಷ್ಟು ಸೇರಿ ಎರಡೆಕರೆ. ಪರೀಕ್ಷೆ ಮಾಡಿಸಿದ ಕಾಗದ ಬೇಕಂತೆ."

"ಇದ್ರೆ ಅಂದ್ರೇನೋ? ವರ್ಷಾ ವರ್ಷಾ ನಾನು ಬಸ್ ನಿಲ್ಲಿಸಿ ಅವಳ ಕಥೆ ಹೇಳ್ತಿದ್ನಲ್ಲ, ನೀನು ಕಿವೀಲಿ ಹತ್ತಿ ಇಟ್ಕೊಂಡಿದ್ಯಾ?"

"ಕೇಳಿದೀನಿ. ಎರಡನೇ ಕ್ಲಾಸಲ್ಲಿ ಅತ್ತೂ ಇದೀನಿ. ಆದ್ರೆ ಕಂಪನಿಯವ್ರು ನಿಮ್ಮ ಬಸ್ ಹತ್ತಿರ್ಲಿಲ್ವಲ್ಲ."

ಅರ್ಡಿತಳಿಗೆ ನಗು ಬಂತು. ಕಿಪ್ ಹೋದ ಮೇಲೆ ಎಷ್ಟೋ ದಿನದಿಂದ ಇಲ್ಲದ ಹುಮ್ಮಸ್ಸಿನಲ್ಲಿ ಯೂನಿವರ್ಸಿಟಿಗೆ ಫೋನ್ ಮಾಡಿದಳು. ನೆಲದೊಳಗೆ ಏನಿದೆ ಎಂದು ಅಗೆಯದೆಯೇ ತೋರಿಸುವ ಯಂತ್ರವಿದೆಯಂತೆ, ಡಾಕ್ಟರ್ ಇನೆಸ್ ಬರೇಲಾ ಎಂಬಾಕೆ ತರುತ್ತಾಳಂತೆ ಎಂದು ಆರಿನನಿಗೂ ತಿಳಿಸಿದಳು.

"ಆ ಯಂತ್ರ ಗಿಂತ್ರ ಬೇಡ ಕಣೆ. ಸತ್ತವಳನ್ನ ಯಾಕೆ ಕೆಣಕ್ತೀಯ?"

"ಯಾರೂ ಅಗೆಯಲ್ಲ ಆರಿನ್. ಮೇಲಿಂದ ತಳ್ಕೊಂಡು ಹೋಗ್ತಾರೆ ಅಷ್ಟೆ. ನೀವೂ ಬನ್ನಿ."

ಮುದುಕನಿಗೆ ಹೊಸದೇನೂ ಸೇರುವುದಿಲ್ಲ ಎಂದುಕೊಂಡು ಸುಮ್ಮನಾದಳು.

ಏಪ್ರಿಲ್‌ನಲ್ಲಿ ಬರೇಲಾ ಬಂದ ದಿನ ಗಾಳಿ ನಿಲ್ಲಲು ಬಿಡುತ್ತಿರಲಿಲ್ಲ. ಆಕೆ ಹುಲ್ಲು ಕತ್ತರಿಸುವ ಗಾಡಿಯಂಥದ್ದನ್ನು ಕಲ್ಲಿನ ಸುತ್ತ ಗೆರೆ ಗೆರೆಯಾಗಿ ತಳ್ಳಿಕೊಂಡು ಹೋದಳು. ಕಿಪ್ ಬೇಲಿಗೆ ಒರಗಿ ನಿಂತಿದ್ದ. ಆರಿನ್ ತನ್ನ ಪಿಕಪ್‌ನಲ್ಲಿ ಕಿಟಕಿ ಏರಿಸಿಕೊಂಡು ಕೂತವನು ಇಳಿಯಲೇ ಇಲ್ಲ. ಎರಡು ಗಂಟೆ ಕಳೆದ ಮೇಲೆ ಬರೇಲಾ ಅರ್ಡಿತಳನ್ನು ಗಾಳಿಗೆ ಮರೆಯಾಗಿ ವ್ಯಾನಿನ ಹಿಂದಕ್ಕೆ ಕರೆದಳು.

"ಒಂದು ಸಲ ತೋಡಿದ ನೆಲ ಎಷ್ಟು ವರ್ಷ ಆದ್ರೂ ಬೇರೆ ಥರಾನೇ ಕಾಣುತ್ತೆ, ಮೇಡಂ. ಇಲ್ಲಿ ಜಲ್ಲಿ ಪದರ ಎಲ್ಲೂ ಕಡಿದಿಲ್ಲ. ಕಲ್ಲು ನಿಲ್ಲಿಸೋಕೆ ಹಾಕಿದ ಒಂದು ಬುಟ್ಟಿ ಕಾಂಕ್ರೀಟ್ ಬಿಟ್ರೆ, ಈ ಜಾಗದಲ್ಲಿ ಯಾರೂ ಯಾವತ್ತೂ ಅಗೆದೇ ಇಲ್ಲ."

"ಇನ್ನೂ ಸ್ವಲ್ಪ ಆ ಕಡೆ ನೋಡಿ."

ಬರೇಲಾ ಬೇಸರಿಸದೆ ಹೊಳೆಯ ಅಂಚಿನವರೆಗೂ ನೋಡಿದಳು. ಅಲ್ಲೂ ಏನೂ ಇರಲಿಲ್ಲ.

"ಖಚಿತವಾಗಿ ಗೊತ್ತಿಲ್ಲ ಅಂತ ಬರೀಬಹುದಲ್ವಾ?" ಎಂದಳು ಅರ್ಡಿತ್.

"ಖಚಿತವಾಗಿ ಗೊತ್ತಾಗಿದೆಯಲ್ಲ, ಮೇಡಂ. ಅದೇ ಕಷ್ಟ."

ಅರ್ಡಿತ್ ಪಿಕಪ್ ಹತ್ತಿರ ಹೋದಾಗ ಆರಿನ್ ತಾನಾಗಿಯೇ ಕಿಟಕಿ ಇಳಿಸಿದ. ಅವಳು ಬಾಯಿ ತೆರೆಯುವ ಮೊದಲೇ, "ಏನೂ ಸಿಕ್ಕಿರಲ್ಲ," ಎಂದ.

"ನಿಮಗೆ ಹೇಗೆ ಗೊತ್ತು?"

ಅವನು ಸ್ಟಿಯರಿಂಗ್ ನೋಡುತ್ತಲೇ ಮಾತಾಡಿದ. "ಐವತ್ತೇಳರಲ್ಲಿ ರಸ್ತೆ ಅಗಲ ಮಾಡಿದ್ವಿ. ನಮ್ಮಪ್ಪ ಮೇಸ್ತ್ರಿ, ನಾನು ಗುದ್ದಲಿ ಹಿಡಿದಿದ್ದೆ. ಲೊವೈನಾ ಕಲ್ಲು ಅಡ್ಡ ಬಂತು. ಕೆಳಗೇನಿದೆ ಅಂತ ನೋಡೋಕೆ ಹೋದ್ರೆ ಕೆಲಸ ನಿಲ್ಲುತ್ತೆ ಅಂತ ಅಪ್ಪ ನೋಡೋಕೇ ಬಿಡ್ಲಿಲ್ಲ. ಮೇಲೆ ಮಣ್ಣು ಹಾಕಿ ರೋಲರ್ ಹೊಡೆದ್ವಿ. ಕಲ್ಲನ್ನ ಇಲ್ಲಿಗೆ ತಂದು ನೆಟ್ವಿ. ಇಲ್ಲಿಂದ ಹೊಳೆ ಚೆನ್ನಾಗಿ ಕಾಣುತ್ತೆ ಅಂದ ಅಪ್ಪ."

"ಸಂಘ ಸೇರಿದ್ದು?"

"ಅದಕ್ಕೇ ಸೇರಿದ್ದು."

ಅರ್ಡಿತ್ ಕಿಟಕಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. "ಮೂವತ್ತೆಂಟು ವರ್ಷ ಇಲ್ಲಿ ಹೂ ಇಟ್ಟಿದೀನಿ. ನೀನು ಪಕ್ಕದಲ್ಲೇ ಟೋಪಿ ತೆಗೆದು ನಿಂತ್ಕೋತಿದ್ದೆ."

"ನಿನ್ನ ಮುಖ ನೋಡಿದ್ರೆ ಹೇಳೋಕೆ ಆಗ್ತಿರ್ಲಿಲ್ಲ."

"ಹೇಳ್ಬೇಕಿತ್ತು ನೀನು."

"ಹೂಂ," ಎಂದ ಆರಿನ್.

ಕಿಪ್ ಹತ್ತಿರ ಬಂದ. ಬರೇಲಾ ಇನ್ನೂ ಯಂತ್ರ ಬಿಚ್ಚಿಡುತ್ತಿದ್ದಳು, ಕಿಪ್‌ಗೆ ಏನೂ ತಿಳಿದಿರಲಿಲ್ಲ. ಒಂದು ಸುಳ್ಳು ಹೇಳಿದರೆ ಒಂದು ವಾರ ಸಿಗಬಹುದು, ಕಾಗದ ಬರುವ ತನಕ. ಒಂದು ವಾರ ಇಟ್ಟುಕೊಂಡು ಏನು ಮಾಡುವುದು ಎಂದು ಅರ್ಡಿತಳಿಗೆ ತೋಚಲಿಲ್ಲ.

"ಇಲ್ಲಿ ಯಾರೂ ಇಲ್ಲ, ಕಿಪ್."

"ಮತ್ತೆ ಎಲ್ಲಿದಾಳೆ?"

ಅವಳು ರಸ್ತೆಯ ಕಡೆ ಕೈ ತೋರಿಸಿದಳು. ದನ ತುಂಬಿದ ಲಾರಿಯೊಂದು ಆಗಷ್ಟೇ ಆ ಜಾಗ ದಾಟಿ ಹೋಗುತ್ತಿತ್ತು. ಕಿಪ್ ಬಹಳ ಹೊತ್ತು ನೋಡಿ, "ಕ್ಷಮಿಸಿ, ಮಿಸೆಸ್ ಕೆಸ್ಲರ್," ಎಂದ. ಅವನು ತಪ್ಪು ಮಾಡಿದವನಲ್ಲ ಎಂಬುದರಿಂದಲೇ ಅವಳಿಗೆ ಇನ್ನಷ್ಟು ಸಂಕಟವಾಯಿತು. ಬೈಯಲಿಕ್ಕಾದರೂ ಯಾರಾದರೂ ಬೇಕಲ್ಲ.

ರಸ್ತೆಯ ಅಡಿಯಲ್ಲಿ ಸಮಾಧಿಯಿದೆ ಎಂದು ರಸ್ತೆ ಇಲಾಖೆಗೆ ಅರ್ಡಿತ್ ಮೂರು ಪುಟದ ಪತ್ರ ಬರೆದಳು. ಮಾಹಿತಿಗೆ ಧನ್ಯವಾದ, ಆ ಭಾಗವನ್ನು ಹೊಸದಾಗಿ ಕಟ್ಟುವ ಯೋಚನೆ ಸದ್ಯಕ್ಕಿಲ್ಲ ಎಂದು ಮೂರು ಸಾಲಿನ ಉತ್ತರ ಬಂತು. ಮೇ ಕೊನೆಯಲ್ಲಿ, ಊರವರೆಲ್ಲ ಸಮಾಧಿಗಳಿಗೆ ಹೂ ಇಡುವ ದಿನ, ಅವಳೂ ಹಿತ್ತಲಿನ ಪಿಯೋನಿ ಹೂ ಕೊಯ್ದು ಕಾರಿನಲ್ಲಿಟ್ಟುಕೊಂಡು ಹೊರಟಳು. ಆ ಜಾಗದಲ್ಲಿ ಕಾರು ನಿಲ್ಲಿಸಲು ರಸ್ತೆಗೆ ಅಂಚೇ ಇಲ್ಲ. ನಿಧಾನ ಮಾಡಿದಳು. ಹಿಂದಿನಿಂದ ಯಾರೋ ಹಾರ್ನ್ ಒತ್ತಿ ಹಿಡಿದರು. ಎರಡು ಸಲ ಹೋಗಿ ತಿರುಗಿಸಿಕೊಂಡು ಬಂದಳು. ಆಮೇಲೆ ಹೂವನ್ನು ಮನೆಗೇ ವಾಪಸು ತಂದು ಪಾತ್ರೆ ತೊಳೆಯುವ ಸಿಂಕಿನಲ್ಲಿಟ್ಟಳು.

ಜೂನ್‌ನಲ್ಲಿ ಯಂತ್ರಗಳು ಹುಲ್ಲುಗಾವಲಿಗೆ ಇಳಿದವು. ಮೊದಲ ದಿನ ಬೇಲಿಯಾಚೆ ನಿಂತು ನೋಡಿದಳು. ಸಾವಿರಾರು ಬಂಡಿ ಅರೆದು ಮಾಡಿದ ಜಾಡು ಬುಲ್ಡೋಜರಿನ ಹಲಗೆ ಒಂದು ಸಲ ತಳ್ಳಿದ ಕೂಡಲೇ ಪುಡಿಮಣ್ಣಾಗಿ ಮಗುಚಿಕೊಂಡಿತು. ಎರಡನೆಯ ದಿನ ಹೋಗಲಿಲ್ಲ. ನಾಲ್ಕನೆಯ ದಿನ ಕಿಪ್ ಸಮಾಧಿ ಕಲ್ಲನ್ನು ತಂದು ಅವಳ ಗ್ಯಾರೇಜಿನ ಗೋಡೆಗೆ ಒರಗಿಸಿ ಹೋದ. ರಾಜಧಾನಿಯ ಮ್ಯೂಸಿಯಂನವರು ಜಾಗವಿಲ್ಲ ಎಂದರು.

ಸೆಪ್ಟೆಂಬರಿನಲ್ಲಿ ಲೈಬ್ರರಿಯ ನೆಲಮಾಳಿಗೆಯಲ್ಲಿ ಸಂಘದ ಸಭೆ. ಆರಿನ್ ಬರುವುದಿಲ್ಲವೆಂದುಕೊಂಡಿದ್ದಳು, ಬಂದ. ಏಪ್ರಿಲ್ ಆದ ಮೇಲೆ ಅವರಿಬ್ಬರು ಮಾತಾಡಿರಲಿಲ್ಲ.

"ಸಂಘ ಮುಚ್ಚೋಣ ಅಂತ," ಎಂದಳು ಅರ್ಡಿತ್.

"ಮುಚ್ಚೋಣ."

ಅವಳು ನಿಯಮದ ಪುಸ್ತಕ ತಿರುವಿದಳು. ಮುಚ್ಚಬೇಕಾದರೆ ಮೂವರು ಸದಸ್ಯರ ಓಟು ಬೇಕು ಎಂದಿತ್ತು.

"ಕಿಪ್‌ನ ಸೇರಿಸ್ಕೊಂಡು ಓಟು ಹಾಕ್ಸು," ಎಂದ ಆರಿನ್.

ಅವಳು ಇನ್ನೊಂದು ಹಾಳೆ ಮಗುಚಿದಳು. "ಹೊಸಬರನ್ನ ಸೇರಿಸ್ಕೊಳ್ಳೋಕೂ ಮೂರು ಓಟು ಬೇಕು."

ಆರಿನ್ ನಗಲು ಹೋದ. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ ಮೇಜು ಹಿಡಿದುಕೊಂಡ. ಅರ್ಡಿತ್ ನೀರು ಕೊಟ್ಟಳು, ನಗಲಿಲ್ಲ. ನಡಾವಳಿ ಪುಸ್ತಕದಲ್ಲಿ ತಾರೀಕು ಹಾಕಿ, 'ಹಾಜರಿ ಇಬ್ಬರು. ಕೋರಂ ಇಲ್ಲ. ಸಭೆ ಮುಂದೂಡಲಾಗಿದೆ' ಎಂದು ಬರೆದಳು. ಯಾವ ದಿನಕ್ಕೆ ಎಂಬಲ್ಲಿ ಪೆನ್ನು ನಿಂತಿತು. ಖಾಲಿ ಬಿಟ್ಟಳು.

ದೀಪ ಆರಿಸಿದಳು. ಆರಿನ್ ಸಿಲಿಂಡರನ್ನು ಎಳೆದುಕೊಂಡು ಮೆಟ್ಟಿಲು ಹತ್ತತೊಡಗಿದ, ಒಂದು ಮೆಟ್ಟಿಲಿಗೊಮ್ಮೆ ನಿಂತು. ಅವಳು ಕೆಳಗೇ ನಿಂತು ನಾಲ್ಕು ಮೆಟ್ಟಿಲು ನೋಡಿದಳು. ಐದನೆಯದಕ್ಕೆ ಹೋಗಿ ಸಿಲಿಂಡರಿನ ಹಿಡಿಯನ್ನು ಅವನ ಕೈಯಿಂದ ತೆಗೆದುಕೊಂಡಳು.